ಬಜೆ ಬತ್ತಿದ ಮೇಲೂ ಮಳೆಕೊಯ್ಲು ಬೇಡವೇ?

ವರ್ಷಕ್ಕೆ 4,000 ಮಿ.ಮೀ. ಮಳೆ ಸುರಿಯುವ ಉಡುಪಿಗೆ ಮಳೆಕೊಯ್ಲು ಎಂತಕ್ಕೆ, ಅದು ಬಯಲುಸೀಮೆಯ ತಲೆನೋವು ಎಂಬ ವಾದ ಪತ್ರಿಕೆಗಳಲ್ಲಿ ಆಗಾಗ ಅಚ್ಚಾಗುತ್ತದೆ. ಬರೆಯುವವರು ಬಹುಶಃ ಜುಲೈಯಲ್ಲಿ ಬರೆಯುತ್ತಾರೆ.

2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಉಡುಪಿ, ಮಣಿಪಾಲದ ಜನ ಟ್ಯಾಂಕರ್ ದಾರಿ ಕಾದರು. ಮಳೆಯ ಮುಕ್ಕಾಲಿಗೂ ಹೆಚ್ಚು ಪಾಲು ಜೂನ್–ಸೆಪ್ಟೆಂಬರ್‌ನಲ್ಲೇ ಸುರಿದು ಹೋಗುವ ಊರಿದು.

ಆ ವಾದದಲ್ಲಿ ಒಂದು ಮಾತು ಗಟ್ಟಿ: ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿದು ಬೇಗ ಬಿಡುತ್ತದೆ, ಜುಲೈಯಲ್ಲಿ ತುಂಬಿದ ಬಾವಿಗೆ ಇನ್ನಷ್ಟು ಹರಿಸಿದರೆ ಏಪ್ರಿಲ್‌ವರೆಗೆ ನಿಲ್ಲದು. ಸರಿ, ಆದರೆ ಟ್ಯಾಂಕಿಗೆ ಮುರಕಲ್ಲಿನ ಕಾಟವಿಲ್ಲವಲ್ಲ! 100 ಚದರ ಮೀಟರ್ ತಾರಸಿಗೆ ಅಕ್ಟೋಬರ್‌ನ ಗುಡುಗುಮಳೆ 20 ಮಿ.ಮೀ. ಬಿದ್ದರೂ ಸುಮಾರು 2,000 ಲೀಟರ್. ಮೊದಲ ಕೊಳೆನೀರನ್ನು ಪೈಪಿನ ಕವಲಿನಿಂದ ಹೊರಬಿಟ್ಟು, ಉಳಿದದ್ದನ್ನು ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿದರೆ ಬಟ್ಟೆ ಒಗೆಯಲು, ಶೌಚಾಲಯಕ್ಕೆ ಧಾರಾಳ. ಮಳೆಗಾಲವಿಡೀ ಹಾಸ್ಟೆಲ್, ಹೋಟೆಲ್‌ಗಳ ಫ್ಲಶ್‌ಗೆ ಶುದ್ಧೀಕರಿಸಿದ ನದಿನೀರೇ ಯಾಕೆ ಬೇಕು?

ಕಡಲತೀರದ ಕಾಪುವಿನ ಲೆಕ್ಕ ಬೇರೆ. ಕಡಲ ಪಕ್ಕದ ಬಾವಿಯಿಂದ ಅತಿಯಾಗಿ ಎಳೆದರೆ ಉಪ್ಪುನೀರು ನುಗ್ಗುತ್ತದೆ. ಇಂಗಿಸಿದ ಸಿಹಿನೀರು ಅದನ್ನು ಹಿಂದೊತ್ತಲು ನೆರವಾಗುತ್ತದೆ. ಅಲ್ಲಿ ಇಂಗುಗುಂಡಿಯೇ ಮೊದಲು.

ಇನ್ನು ಕಾರ್ಕಳ. ಘಟ್ಟದ ಬುಡದ ಆ ಊರಿಗೆ ಮಳೆಯ ಬರವಿಲ್ಲ. ಆದರೂ ಹಿಂದಿನವರು ಆನೆಕೆರೆ, ರಾಮಸಮುದ್ರ ಎಂಬ ಕೆರೆಗಳನ್ನು ಕಟ್ಟಿಸಿದ್ದರು. ಬೆಂಗಳೂರಿನಲ್ಲಂತೂ ದೊಡ್ಡ ನಿವೇಶನಗಳಿಗೆ 2009ರಿಂದಲೇ ಮಳೆಕೊಯ್ಲು ಕಡ್ಡಾಯ. ಅಲ್ಲಿ ಬೀಳುವುದು ಉಡುಪಿಯ ಕಾಲುಭಾಗದಷ್ಟು ಮಳೆ.