ಗೋರಿಗಳ ನಡುವೆ ಸಂಸಾರ

ಕೈರೋ ಎಂದೊಡನೆ ನಮ್ಮಲ್ಲನೇಕರಿಗೆ ಪಿರಮಿಡ್ಡುಗಳ ನೆನಪಾಗುತ್ತದೆ. ಅದೇ ನಗರದ ಪೂರ್ವಕ್ಕೆ, ಮುಕತ್ತಮ್ ಗುಡ್ಡದ ತಪ್ಪಲಿನಲ್ಲಿ, ಮೈಲಿಗಟ್ಟಲೆ ಹಬ್ಬಿದ ಮುಸಲ್ಮಾನರ ಖಬರಸ್ತಾನವೊಂದುಂಟು. ಅಲ್-ಕರಾಫ ಎಂದು ಅದರ ಹೆಸರು. ಏಳನೆಯ ಶತಮಾನದಲ್ಲಿ ಅರಬರು ಈಜಿಪ್ಟನ್ನು ಗೆದ್ದ ಕಾಲದಿಂದಲೂ ಅಲ್ಲಿ ಹೂಳುತ್ತ ಬಂದಿದ್ದಾರೆ. 1211ರಲ್ಲಿ ಕಟ್ಟಿಸಿದ ಇಮಾಮ್ ಶಾಫಿಯ ಗುಮ್ಮಟವೂ, 1474ರಲ್ಲಿ ಮುಗಿದ ಸುಲ್ತಾನ ಕಾಯಿತ್‌ಬೇಯ ಗೋರಿ ಮತ್ತು ಮಸೀದಿಯೂ ಅಲ್ಲಿಯೇ ಇವೆ. ಇಂಥ ಗೋರಿಗಳ ನಡುವೆ ಸಾವಿರಾರು ಬಡ ಸಂಸಾರಗಳು ಒಲೆ ಹೂಡಿಕೊಂಡಿವೆ.

ಸುಡುಗಾಡಿನಲ್ಲಿ ಮನೆಯೇ ಎಂದು ಮೂಗು ಮುರಿಯುವವರು ನಮ್ಮ ಹಾಸ್ಟೆಲಿನಲ್ಲಿಯೂ ಇದ್ದಾರೆ. ಹರಿಶ್ಚಂದ್ರನು ಮಸಣ ಕಾದನೆಂದು ಕಣ್ಣೀರಿಡುವ ನಾವು ನಿಜವಾಗಿ ಕಾಯುವವನನ್ನು ಕಂಡರೆ ಹೇಸುತ್ತೇವೆ! ಇರಲಿ.

ಕರಾಫದ ಗೋರಿಯೆಂದರೆ ಬರಿಯ ಕಲ್ಲುಚಪ್ಪಡಿಯಲ್ಲ. ಹೆಣವನ್ನಿಡುವುದು ನೆಲದಡಿಯ ಕೋಣೆಯಲ್ಲಿ; ಗಂಡಸರಿಗೊಂದು, ಹೆಂಗಸರಿಗೊಂದು. ಮನೆತನ ಸ್ಥಿತಿವಂತವಾದರೆ ಮೇಲೆ ಗೋಡೆ ಸುತ್ತಿದ ಅಂಗಳ, ಒಂದೆರಡು ಕೊಠಡಿ. ಹಬ್ಬದ ದಿನ ಮನೆಮಂದಿ ಬಂದು ತಂಗಲೆಂದೇ ಅವನ್ನು ಕಟ್ಟಿಸಿದ್ದು. 1326ರಲ್ಲಿ ಕೈರೋಗೆ ಬಂದ ಇಬ್ನ್ ಬತೂತನು, ಜನರು ಮಡದಿ ಮಕ್ಕಳೊಡನೆ ಅಲ್ಲಿ ರಾತ್ರಿ ಕಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಾವಲುಗಾರರು, ಗೋರಿ ತೋಡುವವರು, ಕುರಾನ್ ಪಠಿಸುವವರು, ಸೂಫಿಗಳು ಹಿಂದಿನಿಂದಲೂ ಅಲ್ಲಿಯೇ ಬಾಳಿದವರು. ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿ ಬಿಟ್ಟು ಬಂದು ನಗರದ ಬಾಡಿಗೆ ತೆರಲಾರದವರೂ, 1967ರ ಯುದ್ಧದಿಂದ ಸೂಯೆಜ್ ಕಾಲುವೆಯ ಊರುಗಳನ್ನು ತೊರೆದವರೂ, 1992ರ ಭೂಕಂಪದಲ್ಲಿ ಮನೆ ಕಳೆದುಕೊಂಡವರೂ ಅವರನ್ನು ಕೂಡಿಕೊಂಡರು. ಕಾಯಿತ್‌ಬೇಯ ಮಸೀದಿಯ ಆಸುಪಾಸಿನಲ್ಲಿ ಗಾಜು ಊದಿ ಪಾತ್ರೆ ಮಾಡುವ ಕುಶಲಕರ್ಮಿಗಳೂ ಇದ್ದಾರೆ. ಆದುದರಿಂದ ಜೀವಂತರು ಸತ್ತವರ ಜಾಗವನ್ನು ಕೆಡಿಸಿದರೆಂಬ ಮಾತನ್ನು ನಾನು ಒಪ್ಪಲಾರೆ.

ಹಾಗೆಂದು ಅಲ್ಲಿನ ಬಾಳು ಸೊಗಸೆಂದು ಹೇಳಹೊರಟಿಲ್ಲ. ಚರಂಡಿಯ ತೊಂದರೆಯಿದೆ; ನೆಲದಿಂದೇರುವ ತೇವ ಹಳೆಯ ಕಲ್ಲನ್ನೂ ತಿನ್ನುತ್ತದೆ, ಹಾಸಿಗೆಯನ್ನೂ ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಬೇರೊಂದು. ಎಷ್ಟೋ ಸಂಸಾರಗಳು ಗೋರಿಯ ಒಡೆಯರ ಅಥವಾ ಕಾವಲುಗಾರನ ಬಾಯಿಮಾತಿನ ಅನುಮತಿಯ ಮೇಲೆ ನಿಂತಿವೆ. ಪರರ ತೋಟದ ಕಾವಲುಮನೆಯಲ್ಲಿ ಬೆಳೆದ ನನಗೆ ‘ಇರಲು ಬಿಟ್ಟಿದ್ದಾರೆ’ ಎಂಬ ಮಾತಿನ ಭಾರ ಚೆನ್ನಾಗಿ ಗೊತ್ತು. ಎಷ್ಟು ವರ್ಷ ಗುಡಿಸಿ ಸಾರಿಸಿದರೂ ಅಲ್ಲಿ ಒಂದು ಗೂಟ ಹೊಡೆಯಬೇಕಾದರೆ ಕೇಳಬೇಕು.

ಐತಿಹಾಸಿಕ ಕೈರೋ 1979ರಲ್ಲಿಯೇ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೂ 2020ರಿಂದೀಚೆಗೆ ಹೆದ್ದಾರಿಗಳಿಗೂ ಮೇಲುಸೇತುವೆಗಳಿಗೂ ದಾರಿ ಮಾಡಲು ಕರಾಫದ ಅನೇಕ ಗೋರಿಗಳನ್ನು ಕೆಡವಲಾಗಿದೆ. ಕೆಡವಿದವು ಪುರಾತತ್ವದ ದಾಖಲೆಯಲ್ಲಿಲ್ಲವೆಂಬುದು ಸರ್ಕಾರದ ಸಮಾಧಾನ. ಇತಿಹಾಸಪ್ರಿಯರು ಗುಮ್ಮಟಗಳಿಗಾಗಿ ದನಿಯೆತ್ತಿದರು, ಯೋಗ್ಯವಾದ ಕೆಲಸವೇ. ಹೂಳಿದವರ ಅಸ್ಥಿಗಳನ್ನು ಬೇರೆಡೆಗೆ ಸಾಗಿಸುವ ಏರ್ಪಾಡೂ ಆಯಿತು. ಅಂಗಳ ಗುಡಿಸುತ್ತಿದ್ದವಳ ಹೆಸರಾದರೋ ಯಾವ ದಾಖಲೆಯಲ್ಲಿಯೂ ಇದ್ದಂತಿಲ್ಲ. ತಲೆಮಾರುಗಳಿಂದ ಗೋರಿ ಕಾದವರ ಮೊಮ್ಮಕ್ಕಳಿಗೆ ಅದೇ ನಗರದಲ್ಲಿ, ದುಡಿಮೆಗೆ ಹತ್ತಿರವಾಗಿ, ಅವರ ಹೆಸರಿಗೇ ಬರೆದ ಮನೆಯನ್ನು ಮೊದಲು ತೋರಿಸಿ, ಆಮೇಲೆ ಗೋಡೆಗೆ ಕೈಹಚ್ಚಲಿ.