ಮಕ್ಕಳ ನಡಿಗೆಯಲ್ಲಿ ಹಠಾತ್ತನೆ ತೋರುವ ತೂರಾಟವನ್ನು ಕುರಿತು ಮನವಿ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರ ಸನ್ನಿಧಾನಕ್ಕೆ ಗ್ರಾಮಾಂತರ ಹೋಬಳಿಯೊಂದರ ತಂದೆತಾಯಿಗಳೂ ಪ್ರಾಥಮಿಕ ಶಾಲೆಯ ಉಪಾಧ್ಯಾಯರೂ ಕೂಡಿ ಅರಿಕೆ ಮಾಡಿಕೊಳ್ಳುವ ವಿಜ್ಞಾಪನೆ.

ಮಾನ್ಯರೆ,

ನಿನ್ನೆಯವರೆಗೆ ಅಂಗಳದಲ್ಲಿ ಓಡಿಯಾಡಿಕೊಂಡಿದ್ದ ಮೂರು ನಾಲ್ಕು ವರ್ಷದ ಕೂಸು ಬೆಳಗ್ಗೆ ಎದ್ದೊಡನೆ ಕಾಲುಗಳನ್ನು ಅಗಲಿಸಿ ನಿಂತು, ಎರಡು ಹೆಜ್ಜೆಗೊಮ್ಮೆ ಗೋಡೆಗೆ ಆತುಕೊಂಡು, ಹಾಲಿನ ಲೋಟಕ್ಕೆ ಚಾಚಿದ ಕೈ ಲೋಟವನ್ನು ದಾಟಿ ಹೋಗುವುದನ್ನು ಕಂಡರೆ, ಮನೆಯವರಿಗೆ ಮೊದಲು ನೆನಪಾಗುವುದು ದೃಷ್ಟಿ ತೆಗೆಯುವುದೇ ಹೊರತು ವೈದ್ಯರಲ್ಲ. ಅವರನ್ನು ದೂಷಿಸುವುದು ನ್ಯಾಯವೂ ಅಲ್ಲ. ತಿಳಿಯಹೇಳುವವರು ಯಾರೂ ಅವರ ಬಾಗಿಲಿಗೆ ಬಂದಿಲ್ಲ.

ಈ ಸ್ಥಿತಿಗೆ ಹೆಚ್ಚಾಗಿ ಈಡಾಗುವವರು ಆರು ವರ್ಷದೊಳಗಿನ ಮಕ್ಕಳು. ವೈರಾಣುಜನ್ಯ ಜ್ವರವೊಂದು, ಅದರಲ್ಲಿಯೂ ನಮ್ಮ ಜನ ‘ಅಮ್ಮ’ ಎಂದು ಭಯಭಕ್ತಿಯಿಂದ ಕರೆಯುವ ಸೀತಾಳೆ ಸಿಡುಬು, ಬಂದುಹೋದ ಒಂದೆರಡು ವಾರಗಳಲ್ಲಿ ಕಿರುಮೆದುಳು ಊದಿಕೊಂಡು ಸಮತೋಲ ತಪ್ಪುವುದುಂಟು. ಬಹುಪಾಲು ಮಕ್ಕಳು ಕೆಲವು ವಾರಗಳಿಂದ ಕೆಲವು ತಿಂಗಳೊಳಗಾಗಿ ಗುಣಹೊಂದುತ್ತಾರೆ. ಆದರೆ ಇದೇ ವೇಷದಲ್ಲಿ ಬೇರೆ ವಿಪತ್ತುಗಳೂ ಬರುತ್ತವೆಂಬುದೇ ನಮ್ಮ ಆತಂಕದ ಮೂಲ. ಮೂರ್ಛೆರೋಗಕ್ಕೆ ಅಜ್ಜ ಸೇವಿಸುವ ಫೆನಿಟಾಯಿನ್ ಮಾತ್ರೆ, ನಿದ್ರೆಯ ಗುಳಿಗೆ, ನೆಗಡಿಯ ಔಷಧ, ಮದ್ಯ, ಇವು ಮಗುವಿನ ಕೈಗೆ ಎಟುಕಿದರೂ ಅದು ಹೀಗೆಯೇ ತೂರಾಡುತ್ತದೆ. ತಲೆಗೆ ಪೆಟ್ಟು ಬಿದ್ದರೂ, ಮೆದುಳಿನ ಹಿಂಬದಿಯಲ್ಲಿ ಗಡ್ಡೆ ಬೆಳೆಯುತ್ತಿದ್ದರೂ ಹೀಗೆಯೇ. ಬೆಳಗಿನ ತಲೆನೋವು, ವಾಂತಿ, ಮಂಪರು, ದಿನೇ ದಿನೇ ಹೆಚ್ಚುವ ತೂರಾಟ, ಕಣ್ಣುಗುಡ್ಡೆಗಳ ಅಂಕೆಯಿಲ್ಲದ ಕುಣಿತ, ಇವುಗಳಲ್ಲಿ ಒಂದು ಕಂಡರೂ ಕಾಯತಕ್ಕದ್ದಲ್ಲ.

ಆದಕಾರಣ ನಮ್ಮ ಪ್ರಥಮ ಬೇಡಿಕೆ ಹಣದ್ದಲ್ಲ, ಪ್ರಶ್ನೆಗಳದ್ದು. ಕಳೆದ ಮೂರು ವಾರಗಳಲ್ಲಿ ಜ್ವರವೋ ಬೊಬ್ಬೆಯೋ ಬಂದಿತ್ತೆ, ಮನೆಯಲ್ಲಿ ಯಾರ ಔಷಧವಿದೆ, ಮಗು ಬಿದ್ದಿತ್ತೆ, ವಾಂತಿಯಿದೆಯೆ, ಎಂದು ಕೇಳಿ ಬರೆದುಕೊಳ್ಳುವ ಪದ್ಧತಿಯನ್ನು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ವಿಧಿಸಬೇಕು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಇದನ್ನು ಕಲಿಸಬೇಕು. ಪೋಲಿಯೊ ನಿರ್ಮೂಲನಕ್ಕಾಗಿ, 15 ವರ್ಷದೊಳಗಿನ ಮಗುವಿನ ಕಾಲು ಹಠಾತ್ತನೆ ಜೋಲುಬಿದ್ದರೆ ತಕ್ಷಣ ವರದಿ ಮಾಡುವ ಶಿಸ್ತನ್ನು ಇದೇ ಇಲಾಖೆ ರೂಢಿಸಿತು, 2014ರಲ್ಲಿ ದೇಶ ಪೋಲಿಯೊಮುಕ್ತವೂ ಆಯಿತು. ಜೋಲುಬಿದ್ದ ಕಾಲಿಗೆ ದೊರೆತ ಲಕ್ಷ್ಯ ತೂರಾಡುವ ಕಾಲಿಗೂ ದೊರೆಯಲಿ.

ಎರಡನೆಯದಾಗಿ, ಸೀತಾಳೆ ಸಿಡುಬಿನ ಲಸಿಕೆ. ಜಪಾನಿನ ಮಿಚಿಯಾಕಿ ತಕಹಾಶಿ 1970ರ ದಶಕದಲ್ಲಿ ರೂಪಿಸಿದ ಈ ಲಸಿಕೆ ಅಮೆರಿಕದಲ್ಲಿ 1995ರಿಂದಲೂ ಬಳಕೆಯಲ್ಲಿದೆ. ನಮ್ಮಲ್ಲಿಯೋ ಹಣ ತೆರಬಲ್ಲವರ ಮಕ್ಕಳಿಗೆ ಖಾಸಗಿ ವೈದ್ಯರಲ್ಲಿ ದೊರೆಯುತ್ತದೆ, ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇಲ್ಲ. ಅದನ್ನು ಸೇರಿಸುವಂತೆ ಕೇಂದ್ರಕ್ಕೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ.

ಉಳಿದಂತೆ, ಸರ್ಕಾರಿ ಔಷಧಾಲಯಗಳಲ್ಲಿ ಮೂರ್ಛೆಯ ಮತ್ತು ನಿದ್ರೆಯ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ರೂಢಿ ಎಲ್ಲಿಯೇ ಇದ್ದರೂ ನಿಲ್ಲಬೇಕು. ಮಗು ತೆರೆಯಲಾರದ ಮುಚ್ಚಳದ ಡಬ್ಬಿಯನ್ನು ಕೊಡಬೇಕು. ಅಪಾಯದ ಚಿಹ್ನೆಯುಳ್ಳ ಮಗುವನ್ನು ಸ್ಕ್ಯಾನ್ ಸೌಕರ್ಯವಿರುವ ಆಸ್ಪತ್ರೆಗೆ ಅಂದೇ ಮುಟ್ಟಿಸುವ ಹೊಣೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯದೆಂದು ಲಿಖಿತ ಆಜ್ಞೆಯಾಗಬೇಕು. ಬಸ್ಸು ಹುಡುಕುವ ಕೆಲಸ ತಾಯಿಯ ಪಾಲಿಗೆ ಬೀಳಬಾರದು.

ಇಂತು ವಿನೀತರು,
ಹೋಬಳಿಯ ಪೋಷಕರು ಮತ್ತು ಉಪಾಧ್ಯಾಯರು