ಕುರ್ಚಿ ಹೆಣ್ಣು, ಮೇಜು ಗಂಡು

ಟುರಿನ್‌ಗೆ ಬಂದ ಮೊದಲ ಚಳಿಗಾಲ. ಗಂಡ ಆಫೀಸಿಗೆ ಹೋದಮೇಲೆ ನನಗೆ ಮಾತಿಗೆ ಸಿಗ್ತಿದ್ದವರು ಇಬ್ಬರೇ: ವಾಟ್ಸಾಪಿನಲ್ಲಿ ಅಮ್ಮ, ಕೆಳಗಿನ ಮಹಡಿಯಲ್ಲಿ ಒಬ್ಬರು ಅಜ್ಜಿ. ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ. ಹೇಗೂ ಇಲ್ಲಿ ದೀರ್ಘಾವಧಿ ಪರ್ಮಿಟ್ ಬೇಕಂದ್ರೆ ಎ2 ಮಟ್ಟದ ಇಟಾಲಿಯನ್ ಬರಬೇಕು, ಪೌರತ್ವಕ್ಕೆ ಬಿ1. ಸರಿ ಅಂತ ಸಂಜೆ ಕ್ಲಾಸಿಗೆ ಸೇರಿಕೊಂಡೆ.

ಮೊದಲ ದಿನವೇ ತಲೆ ಕೆಟ್ಟಿತು. ಕುರ್ಚಿ ಹೆಣ್ಣಂತೆ, ಲಾ ಸೇದಿಯಾ. ಮೇಜು ಗಂಡಂತೆ, ಇಲ್ ತಾವೊಲೊ. ನಮ್ಮಲ್ಲಾದ್ರೆ ವಸ್ತುಗಳೆಲ್ಲ 'ಅದು', ಅಲ್ಲಿಗೆ ಮುಗೀತು. 'ಓ'ದಲ್ಲಿ ಮುಗಿದರೆ ಗಂಡು, 'ಆ'ದಲ್ಲಿ ಮುಗಿದರೆ ಹೆಣ್ಣು ಅಂತ ಟೀಚರ್ ಹೇಳಿದಾಗ ಸ್ವಲ್ಪ ಉಸಿರಾಡಿದೆ. ಮುಂದಿನ ವಾರ ಅವರೇ, ಕೈ ಅಂದ್ರೆ ಲಾ ಮಾನೊ, ಅದು ಹೆಣ್ಣು. ಸಮಸ್ಯೆ ಅಂದ್ರೆ ಇಲ್ ಪ್ರೊಬ್ಲೇಮಾ, ಅದು ಗಂಡು ಅಂದರು. ಸಮಸ್ಯೆ ಗಂಡು ಅನ್ನೋದನ್ನ ಮಾತ್ರ ನಾನು ಒಮ್ಮೆಯೂ ತಪ್ಪಿಲ್ಲ.

ಆಮೇಲೆ 'ಮಿ ಪಿಯಾಚೆ ಇಲ್ ಕಫ್ಫೆ' ಬಂತು. ಅಕ್ಕಪಕ್ಕದವರೆಲ್ಲ ತಲೆ ಕೆರ್ಕೊಳ್ತಿದ್ರು. ನನಗೆ ನಗು. ಪದಕ್ಕೆ ಪದ 'ನನಗೆ ಕಾಫಿ ಇಷ್ಟವಾಗುತ್ತೆ'! ಪುಸ್ತಕಗಳಾದರೆ 'ಮಿ ಪಿಯಾಚ್ಚೊನೊ', ಅಂದ್ರೆ 'ಇಷ್ಟವಾಗುತ್ತವೆ'. ಇಂಗ್ಲಿಷ್ ಮೂಲಕ ಕಲಿಯೋದನ್ನ ಅವತ್ತೇ ಬಿಟ್ಟೆ, ನೋಟ್‌ಬುಕ್ಕಿನ ಎಡಗಡೆ ಕನ್ನಡ ಬರೆಯೋಕೆ ಶುರು ಮಾಡಿದೆ. 'ನಾನು' ಅನ್ನದೇ ಬರೀ 'ಬಂದೆ' ಅಂದ್ರೂ ಅವರಿಗೂ ಅರ್ಥವಾಗುತ್ತೆ. ಒತ್ತಕ್ಷರವೂ ನಮಗೆ ಹೊಸದಲ್ಲ. ಹಳಿ ಬೇರೆ, ಹಳ್ಳಿ ಬೇರೆ ಅಂತ ಗೊತ್ತಿರೋರು ಇಲ್ಲಿ ಬಚಾವ್. ಆನ್ನೊ ಅಂದ್ರೆ ವರ್ಷ. ಒತ್ತು ಬಿಟ್ಟು ವಯಸ್ಸು ಹೇಳಿದರೆ ಏನಾಗುತ್ತೆ ಅಂತ ಮನೆಮಂದಿ ಓದೋ ಪತ್ರಿಕೆಯಲ್ಲಿ ಬರೆಯೋ ಹಾಗಿಲ್ಲ.

ನೀನು, ನೀವು ಎರಡೂ ಇದೆ. ನೀನು ಅನ್ನೋದಕ್ಕೆ 'ತು'. ನಮ್ಮ ಕಿವಿಗೆ ಉಗಿದ ಹಾಗೇ ಕೇಳುತ್ತೆ. ಮರ್ಯಾದೆಗೆ 'ಲೇಯಿ', ಅದರ ಇನ್ನೊಂದು ಅರ್ಥ 'ಅವಳು'. ಅಜ್ಜಿಯ ಗಂಡನಿಗೂ ನಾನು ಹಾಗೇ ಲೇಯಿ ಅಂತಿದ್ದೆ. ಮೆಟ್ಟಿಲಲ್ಲಿ ಸಿಕ್ಕಾಗ ನನ್ನ ತರಕಾರಿ ಚೀಲ ಕಸಿದುಕೊಂಡು ಮೇಲೆ ತಂದಿಡೋರು.

ಫೆಬ್ರವರಿಯಲ್ಲಿ ಅವರು ಹೋಗಿಬಿಟ್ಟರು. ಅಜ್ಜಿ ಬಾಗಿಲು ತೆಗೆದಾಗ ನನ್ನ ಬಾಯಿಗೆ ಬಂದದ್ದು ಕನ್ನಡದ ವಾಕ್ಯ: 'ತುಂಬಾ ಒಳ್ಳೆಯವರು.' ನಮ್ಮ ಈ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಇದ್ದವರಿಗೂ ಅದೇ, ಹೋದವರಿಗೂ ಅದೇ. ಇಟಾಲಿಯನ್‌ನಲ್ಲಿ ಹಾಗೆ ಬಿಡೋಕಾಗಲ್ಲ, 'ಎ' ಅನ್ನಬೇಕು ಇಲ್ಲವೇ 'ಎರಾ' ಅನ್ನಬೇಕು. ಕ್ಲಾಸಿನಲ್ಲಿ ಇನ್ನೂ ವರ್ತಮಾನ ಕಾಲವೇ ನಡೀತಿತ್ತು. 'ಎ' ಅಂದೆ. ಒಳ್ಳೆಯವರಾಗಿದ್ದಾರೆ ಅಂದ ಹಾಗೆ. ಮಾತಿಗೊಮ್ಮೆ ನನ್ನ ಲಾ-ಇಲ್ ತಿದ್ದುತ್ತಿದ್ದ ಅಜ್ಜಿ, ಅವತ್ತು ತಿದ್ದಲಿಲ್ಲ. ಕೈ ಹಿಡ್ಕೊಂಡು ಒಳಗೆ ಕರೆದು ಕೂರಿಸಿದರು.

ತಪ್ಪು ಗೊತ್ತಾಗಿದ್ದು ಮೂರು ವಾರದ ಮೇಲೆ, ಕ್ಲಾಸಿನಲ್ಲಿ ಇಂಪೆರ್ಫೆತ್ತೊ ಬಂದಾಗ. ನಾಚಿಕೆಯಾಗಿ ಎರಡು ದಿನ ಲಿಫ್ಟಿನಲ್ಲೇ ಓಡಾಡಿದೆ. ಆಮೇಲೆ ನಾನೇ ಹೋಗಿ ಹೇಳಿದೆ. 'ಗೊತ್ತಿತ್ತು ಬಿಡು, ಕಾಫಿ ಕುಡಿ' ಅಂದರು.

ಈಗ ಮಂಗಳವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಅದೇ ಪಾಠ. ಲಾವೊರಾವಾ, ಕೆಲಸ ಮಾಡ್ತಿದ್ದರು. ಕಾಂತಾವಾ, ಹಾಡ್ತಿದ್ದರು. ನಮ್ಮ '-ತ್ತಿದ್ದರು' ಇದ್ದ ಹಾಗೇ ಇದೆ, ಕಷ್ಟವಿಲ್ಲ. ಅಜ್ಜ ಸಾಸಿಗೆ ಉಪ್ಪು ಜಾಸ್ತಿ ಹಾಕ್ತಿದ್ದರು ಅನ್ನೋದನ್ನ ಅಜ್ಜಿ ನನ್ನಿಂದ ನಾಲ್ಕು ಸಲ ಹೇಳಿಸಿದರು. ಇನ್ನು 'ಲೇಯಿ' ಸಾಕು, ನನಗೂ 'ತು' ಅನ್ನು ಅಂತಾರೆ. ಅಮ್ಮನಿಗೆ ನೀನು ಅಂತೀನಿ ನಿಜ. ಆದ್ರೆ ಕೆಳಗಿನ ಮನೆ ಅಜ್ಜಿಗೆ? ನಾಲಿಗೆ ಇನ್ನೂ ಏಳ್ತಿಲ್ಲ.